ಮಕ್ಕಳಿಗೆ ತೋಟ ಕೊಟ್ಟ ಫ್ರೋಬೆಲ್

ಎಲ್.ಕೆ.ಜಿ., ಯು.ಕೆ.ಜಿ. ಎಂಬ ಮಾತುಗಳನ್ನು ನಾವು ದಿನವೂ ಆಡುತ್ತೇವೆ. ಆದರೆ ಕೊನೆಯ ‘ಜಿ’ ಅಕ್ಷರ ತೋಟವನ್ನು ಸೂಚಿಸುತ್ತದೆ ಎಂಬುದು ನಮ್ಮಲ್ಲಿ ಅನೇಕರಿಗೆ ನೆನಪಾಗುವುದೇ ಇಲ್ಲ. ಕಿಂಡರ್‌ಗಾರ್ಟನ್ ಎಂದರೆ ಜರ್ಮನ್ ಭಾಷೆಯಲ್ಲಿ ಮಕ್ಕಳ ತೋಟ. ಈ ಹೆಸರಿಟ್ಟವರು ಫ್ರೆಡ್ರಿಕ್ ಫ್ರೋಬೆಲ್. ಬಿ.ಎಡ್. ಓದುವಾಗ ಅವರ ಹೆಸರನ್ನು ನಾವು ಶಿಕ್ಷಕರೆಲ್ಲ ಪರೀಕ್ಷೆಗಾಗಿ ಬಾಯಿಪಾಠ ಮಾಡಿದವರೇ. ಅವರ ಬದುಕನ್ನು ತಿಳಿದರೆ ಆ ಹೆಸರಿನ ಬೆಲೆ ಗೊತ್ತಾಗುತ್ತದೆ.

ಫ್ರೋಬೆಲ್ ಹುಟ್ಟಿದ್ದು 1782ರ ಏಪ್ರಿಲ್ 21ರಂದು, ಜರ್ಮನಿಯ ತುರಿಂಗಿಯಾ ಪ್ರದೇಶದ ಓಬರ್‌ವೈಸ್‌ಬಾಖ್ ಎಂಬ ಊರಿನಲ್ಲಿ. ಒಂಬತ್ತು ತಿಂಗಳ ಕೂಸಾಗಿದ್ದಾಗಲೇ ತಾಯಿ ತೀರಿಕೊಂಡರು. ತಂದೆ ಪಾದ್ರಿ, ಚರ್ಚಿನ ಕೆಲಸಗಳ ನಡುವೆ ಮಗನಿಗೆ ಅವರ ಸಮಯ ಸಿಗಲಿಲ್ಲ. ಮಲತಾಯಿಗೆ ಸ್ವಂತ ಮಗು ಹುಟ್ಟಿದ ಮೇಲೆ ಅವರ ಪ್ರೀತಿಯೂ ದೂರವಾಯಿತು. ಒಂಟಿ ಹುಡುಗನಿಗೆ ಮನೆಯ ತೋಟವೇ ಸಂಗಾತಿಯಾಯಿತು. ಹತ್ತನೆಯ ವಯಸ್ಸಿನಲ್ಲಿ ಸೋದರಮಾವನ ಆಸರೆ ದೊರೆಯಿತು. ಹದಿನೈದನೆಯ ವಯಸ್ಸಿನಲ್ಲಿ ಅರಣ್ಯದ ಕೆಲಸ ಕಲಿಯಲು ಸೇರಿ, ಗಿಡಮರಗಳ ನಡುವೆ ಎರಡು ವರ್ಷ ಕಳೆದರು.

1805ರಲ್ಲಿ ಫ್ರಾಂಕ್‌ಫರ್ಟ್ ನಗರದಲ್ಲಿ ಶಿಕ್ಷಕರಾದಾಗ ತಮ್ಮ ದಾರಿ ಇದೇ ಎಂದು ಅವರಿಗೆ ಮನವರಿಕೆಯಾಯಿತು. 1808ರಿಂದ 1810ರವರೆಗೆ ಸ್ವಿಟ್ಜರ್ಲೆಂಡಿನ ಇವರ್ಡನ್‌ನಲ್ಲಿ ಶಿಕ್ಷಣತಜ್ಞ ಪೆಸ್ಟಾಲೊಜಿಯವರ ಬಳಿ ಇದ್ದು ಕಲಿತರು. 1816ರಲ್ಲಿ ತಮ್ಮದೇ ಶಾಲೆ ಆರಂಭಿಸಿ, ಮರುವರ್ಷ ಅದನ್ನು ಕೈಲ್‌ಹೌ ಎಂಬ ಹಳ್ಳಿಗೆ ಒಯ್ದರು. ಆದರೆ ಶಾಲೆಗೆ ಬರುವ ಮೊದಲಿನ ವರ್ಷಗಳೇ ಮಗುವಿನ ಬೆಳವಣಿಗೆಗೆ ಬಹು ಮುಖ್ಯ ಎಂಬ ನಂಬಿಕೆ ಅವರಲ್ಲಿ ದಿನದಿನಕ್ಕೆ ಬಲವಾಯಿತು.

ಹಾಗಾಗಿ 1837ರಲ್ಲಿ ಬ್ಲಾಂಕೆನ್‌ಬುರ್ಗ್‌ನಲ್ಲಿ ಪುಟ್ಟ ಮಕ್ಕಳಿಗಾಗಿಯೇ ಒಂದು ಸಂಸ್ಥೆ ತೆರೆದರು. ಚೆಂಡು, ಮರದ ಗೋಲ, ಘನಾಕೃತಿಗಳನ್ನು ಆಟಕ್ಕೆ ಕೊಟ್ಟರು. 1840ರಲ್ಲಿ ಅದಕ್ಕೆ ಕಿಂಡರ್‌ಗಾರ್ಟನ್ ಎಂದು ಹೆಸರಿಟ್ಟರು. ಅದು ಬರಿಯ ಅಲಂಕಾರದ ಹೆಸರಾಗಿರಲಿಲ್ಲ. ಅವರ ಯೋಜನೆಯಲ್ಲಿ ಪ್ರತಿ ಮಗುವಿಗೂ ತನ್ನದೇ ಒಂದು ಚಿಕ್ಕ ಪಾತಿ ಇತ್ತು. ಅಲ್ಲಿ ಏನು ನೆಡಬೇಕು, ಹೇಗೆ ಬೆಳೆಸಬೇಕು ಎಂಬುದು ಮಗುವಿನ ಇಷ್ಟ. ನೀರು ಹಾಕದೆ ಗಿಡ ಬಾಡಿದರೆ ಅದೂ ಒಂದು ಪಾಠವೇ. ಈ ಪಾತಿಗಳ ಸುತ್ತ ಹೂವು, ತರಕಾರಿ, ಧಾನ್ಯಗಳ ದೊಡ್ಡ ಪಾತಿಗಳಿದ್ದವು. ಅವನ್ನು ಎಲ್ಲರೂ ಸೇರಿ ನೋಡಿಕೊಳ್ಳಬೇಕು. ಹೀಗೆ ತನ್ನದು ಯಾವುದು, ಎಲ್ಲರದು ಯಾವುದು ಎಂಬ ತಿಳಿವಳಿಕೆ ಉಪದೇಶವಿಲ್ಲದೆ ಮಣ್ಣಿನಲ್ಲೇ ಮೊಳೆಯುತ್ತಿತ್ತು.

ಇಂಥ ಕೆಲಸಕ್ಕೂ ವಿಘ್ನ ತಪ್ಪಲಿಲ್ಲ. 1851ರ ಆಗಸ್ಟ್‌ನಲ್ಲಿ ಪ್ರಷ್ಯಾ ಸರ್ಕಾರ ಕಿಂಡರ್‌ಗಾರ್ಟನ್‌ಗಳನ್ನು ನಿಷೇಧಿಸಿತು. ಅವು ಮಕ್ಕಳಲ್ಲಿ ನಾಸ್ತಿಕತೆ ಬೆಳೆಸುತ್ತವೆ ಎಂಬುದು ಆರೋಪ. ಅವರ ಅಣ್ಣನ ಮಗ ಕಾರ್ಲ್ ಫ್ರೋಬೆಲ್ ಬರೆದ ಪುಸ್ತಕವನ್ನು ಇವರದೆಂದು ತಪ್ಪಾಗಿ ತಿಳಿದದ್ದೂ ಇದಕ್ಕೆ ಕಾರಣ. ಎಷ್ಟು ಮನವಿ ಮಾಡಿಕೊಂಡರೂ ಆಜ್ಞೆ ಬದಲಾಗಲಿಲ್ಲ. 1852ರ ಜೂನ್ 21ರಂದು, ಎಪ್ಪತ್ತನೆಯ ವಯಸ್ಸಿನಲ್ಲಿ, ಅವರು ಕಣ್ಮುಚ್ಚಿದರು. ನಿಷೇಧ ತೆರವಾದದ್ದು 1860ರಲ್ಲಿ. ಅದನ್ನು ನೋಡುವ ಭಾಗ್ಯ ಅವರಿಗಿರಲಿಲ್ಲ. ಆದರೆ ಅಷ್ಟರಲ್ಲಿ ಅವರ ಶಿಷ್ಯೆಯರ ಮೂಲಕ ಕಿಂಡರ್‌ಗಾರ್ಟನ್ ಇಂಗ್ಲೆಂಡ್, ಅಮೆರಿಕಗಳನ್ನೂ ತಲುಪಿತ್ತು.

ಹೆಸರು ಲೋಕವನ್ನೆಲ್ಲ ಸುತ್ತಿತು. ತೋಟ ಮಾತ್ರ ಎಷ್ಟೋ ಕಡೆ ಹಿಂದೆಯೇ ಉಳಿಯಿತು. ಮರುಭೂಮಿಯ ಈ ನಾಡಿನಲ್ಲಿ ತೋಟ ಎಲ್ಲಿಂದ ತರೋಣ ಎಂದು ನಾವು ಕೇಳಬಹುದು. ಪ್ರಿಯ ಪಾಲಕರೇ, ಬಿಸಿಲು ತಗ್ಗುವ ಚಳಿಗಾಲದಲ್ಲಿ ಬಾಲ್ಕನಿಯಲ್ಲಿ ಒಂದು ಕುಂಡ ಇಡೋಣ. ಅಡುಗೆಮನೆಯ ಡಬ್ಬಿಯಿಂದ ಒಂದು ಹಿಡಿ ಮೆಂತ್ಯ ತೆಗೆದು ಮಗುವಿನ ಕೈಯಿಂದಲೇ ಬಿತ್ತಿಸೋಣ. ಕೆಲವೇ ದಿನಗಳಲ್ಲಿ ಮೊಳಕೆ ಕಾಣುತ್ತದೆ. ನೀರು ಹಾಕುವ ಕೆಲಸವನ್ನು ಮಾತ್ರ ನಾವು ಮಾಡದೆ ಮಗುವಿಗೇ ಬಿಡೋಣ.