ದಿವಾನ್ ಶೇಷಾದ್ರಿ ಅಯ್ಯರವರೂ ಬೆಂಗಳೂರಿನ ನೀರೂ

ನಲ್ಲಿಯು ಒಣಗಿದ ದಿನದಲ್ಲಲ್ಲದೆ ನೀರಿನ ಚಿಂತೆಯನ್ನು ಮಾಡದಿರುವುದು ನಗರವಾಸಿಗಳ ಸ್ವಭಾವ. ಬಿನ್ನಿಪೇಟೆಯವರೂ ಇದಕ್ಕೆ ಹೊರತಲ್ಲ. ಆದುದರಿಂದ ಬೆಂಗಳೂರಿಗೆ ಕೊಳಾಯಿಯ ನೀರನ್ನು ಮೊದಲು ತರಿಸಿದ ಸರ್ ಕೆ. ಶೇಷಾದ್ರಿ ಅಯ್ಯರವರ ಚರಿತ್ರೆಯನ್ನು ವಾಚಕರ ಮುಂದಿಡುವುದು ಯುಕ್ತವೆಂದು ನಾವು ಭಾವಿಸುತ್ತೇವೆ.

ಪಾಲಘಾಟಿನ ಪ್ರಾಂತದಲ್ಲಿ 1845ರಲ್ಲಿ ಜನಿಸಿದ ಅವರು 1868ರಲ್ಲಿ ಮೈಸೂರಿನ ಸೇವೆಗೆ ಸೇರಿದರು. ದಿವಾನ್ ರಂಗಾಚಾರ್ಯರು ತೀರಿಕೊಂಡ ಮೇಲೆ, 1883ರಲ್ಲಿ ದಿವಾನಗಿರಿಯು ಅವರ ಪಾಲಿಗೆ ಬಂದಿತು. 1901ರವರೆಗೂ ಅವರು ಆ ಪದವಿಯಲ್ಲಿದ್ದರು. ಹೊರಪ್ರಾಂತದವರಿಗೆ ಉದ್ಯೋಗಗಳನ್ನು ಹೆಚ್ಚಾಗಿ ಕೊಟ್ಟರೆಂಬ ಆಕ್ಷೇಪಣೆಯು ಅವರ ಕಾಲದಲ್ಲಿಯೇ ಎದ್ದಿತ್ತು, ಅದನ್ನು ಮುಚ್ಚಿಡಬೇಕಾದುದಿಲ್ಲ. ಆದರೆ ಅವರ ದೂರದೃಷ್ಟಿಯನ್ನು ವಿರೋಧಿಗಳೂ ಅಲ್ಲಗಳೆಯಲಾರರು.

ಅಂದು ಪೇಟೆಯ ಜನರು ಧರ್ಮಾಂಬುಧಿ, ಸಂಪಂಗಿ ಮೊದಲಾದ ಕೆರೆಗಳನ್ನೂ ಬಾವಿಗಳನ್ನೂ ನೆಚ್ಚಿದ್ದರು. 1876-78ರ ಮಹಾಕ್ಷಾಮವು ಆ ನೆಚ್ಚಿಕೆಯು ಎಷ್ಟು ದುರ್ಬಲವೆಂಬುದನ್ನು ತೋರಿಸಿತ್ತು. ಪೇಟೆಯ ಪಶ್ಚಿಮದಲ್ಲಿ 1880ರ ದಶಕದಲ್ಲಿ ನೂಲಿನ ಗಿರಣಿಯು ನೆಲೆಯೂರಿತು. ಅದನ್ನು ನಡೆಸಿದ ಬಿನ್ನಿ ಕಂಪೆನಿಯ ಹೆಸರೇ ಈ ಪೇಟೆಗೂ ಬಂದಿತು. ಜನಸಂಖ್ಯೆಯು ಬೆಳೆಯುತ್ತಲಿದ್ದಿತು, ನೀರು ಬೆಳೆಯಲಿಲ್ಲ.

ಹೀಗಿರಲು ದಿವಾನರು ಅರ್ಕಾವತಿಯತ್ತ ದೃಷ್ಟಿಯನ್ನು ಹರಿಸಿದರು. ಹೆಸರಘಟ್ಟದ ಕಾರ್ಯವು 1894ರಲ್ಲಿ ಕೈಗೂಡಿತು. ಸೋಲದೇವನಹಳ್ಳಿಯ ಹಬೆಯಂತ್ರಗಳು ನೀರನ್ನು ಎತ್ತಿ ನಗರದ ಕಡೆಗೆ ಕಳುಹಿಸಿದುವು. 1896ರಿಂದ ಅದು ಜನರಿಗೆ ದೊರೆಯಿತು. ಅದೇ 1894ರ ಡಿಸೆಂಬರಿನಲ್ಲಿ ಸ್ವರ್ಗಸ್ಥರಾದ ಮಹಾರಾಜ ಚಾಮರಾಜೇಂದ್ರ ಒಡೆಯರ ಹೆಸರು ಆ ನೀರಿನ ಕಾರ್ಯಕ್ಕೆ ಸಂದಿತು. 1898ರಲ್ಲಿ ಪ್ಲೇಗು ಪೇಟೆಯನ್ನು ಹೊಕ್ಕಾಗ ಶುಚಿತ್ವವು ಭೋಗವಲ್ಲ, ಪ್ರಾಣರಕ್ಷಣೆಯೆಂಬುದು ಸರ್ವರಿಗೂ ಮನದಟ್ಟಾಯಿತು.

ಆದರೆ ಈ ಯಶಸ್ಸಿನ ನೆರಳಿನಲ್ಲಿಯೇ ಒಂದು ಮರವೆಯೂ ಬೆಳೆಯಿತು. ದೂರದ ನೀರು ಬಂದೊಡನೆ ಹತ್ತಿರದ ಕೆರೆಯು ಅನಾದರಕ್ಕೆ ಗುರಿಯಾಯಿತು. ಧರ್ಮಾಂಬುಧಿಯ ಜಾಗದಲ್ಲಿ ಇಂದು ಬಸ್ಸುಗಳ ನಿಲ್ದಾಣವಿದೆ. ಸಂಪಂಗಿಯ ಜಾಗದಲ್ಲಿ ಕ್ರೀಡಾಂಗಣವಿದೆ. ಹೆಸರಘಟ್ಟವು ಸಾಲದೆ 1933ರಲ್ಲಿ ತಿಪ್ಪಗೊಂಡನಹಳ್ಳಿಯ ಜಲಾಶಯವು ಬಂದಿತು. ಅದೂ ಸಾಲದೆ 1974ರಲ್ಲಿ ಕಾವೇರಿಯೇ ಬಂದಳು. ಸುಮಾರು ನೂರು ಕಿಲೋಮೀಟರು ದೂರದಿಂದ ಆ ನೀರನ್ನು ಮೇಲಕ್ಕೆತ್ತಿ ತರಬೇಕು.

ಶೇಷಾದ್ರಿ ಅಯ್ಯರವರು ಹೊಸ ಮೂಲವನ್ನು ತಂದರು. ಹಳೆಯದನ್ನು ಕೆಡಿಸಿರೆಂದು ಹೇಳಲಿಲ್ಲ. ಅವರ ಪ್ರತಿಮೆಯು ಕಬ್ಬನ್ ಉದ್ಯಾನದಲ್ಲಿ ನಿಂತಿದೆ. ಅವರಿಗೆ ಸಲ್ಲಬೇಕಾದ ಗೌರವವು ಕೇವಲ ಹಾರವಲ್ಲ. ಉಳಿದಿರುವ ಕೆರೆಗಳನ್ನು ಕಾಯುವ ಅಧಿಕಾರಿಗಳ ಶ್ರದ್ಧೆಯೂ, ನೀರನ್ನು ಹಿತವಾಗಿ ಬಳಸುವ ನಾಗರಿಕರ ಸಂಯಮವೂ ಅದಕ್ಕಿಂತ ದೊಡ್ಡ ಸ್ಮಾರಕವೆಂದು ನಾವು ನಂಬುತ್ತೇವೆ.