ಎರಡು ಅಂಗೈಗಳ ನಡುವಿನ ನಾದ: ಲಿಟಲ್ ವಾಲ್ಟರ್

ಕಳೆದ ವರ್ಷ ನಮ್ಮ ಕಾಲೇಜು ಫೆಸ್ಟ್‌ನಲ್ಲಿ ನಾನು ವೇದಿಕೆಯ ಮೇಲಿದ್ದದ್ದು ಒಂದೂವರೆ ನಿಮಿಷ. ಕೈಯಲ್ಲಿ ಸೋದರಮಾವ ಕೊಟ್ಟ ಮೌತ್ ಆರ್ಗನ್. ಕಾಲ ಬಳಿ ನಾನೇ ಬೆಸುಗೆ ಹಾಕಿ ತಯಾರಿಸಿದ ಎಕೋ ಪೆಟ್ಟಿಗೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಅಂಗಡಿ ಅಂಗಡಿ ಅಲೆದು ಪಿಟಿ2399 ಎಂಬ ಚಿಪ್ ತಂದಿದ್ದೆ. ಕರೋಕೆ ಯಂತ್ರಗಳಲ್ಲಿ ಹಾಡುವವರ ದನಿಗೆ ಪ್ರತಿಧ್ವನಿ ಕೊಡುವ ಚಿಪ್ ಅದು. ಹಾಸ್ಟೆಲ್ ರೂಮಿನಲ್ಲಿ ಚೆನ್ನಾಗಿಯೇ ಕೇಳಿಸಿತ್ತು. ವೇದಿಕೆಯಲ್ಲಿ ಮೊದಲ ಸ್ವರ ಊದಿದೆನೋ ಇಲ್ಲವೋ, ಸ್ಪೀಕರ್ ಕಿವಿ ಹರಿಯುವ ಹಾಗೆ ಕಿರುಚಿತು. ಮುಂದಿನ ಸಾಲಿನವರು ಕಿವಿ ಮುಚ್ಚಿಕೊಂಡರು. ಹಿಂದಿನ ಸಾಲಿನವರು ನಕ್ಕರು. ನಾನು ಇಳಿದು ಬಂದೆ.

ಆಗ ನಾಲ್ಕನೇ ಸೆಮಿಸ್ಟರ್. ಸಿಗ್ನಲ್ಸ್ ಅಂಡ್ ಸಿಸ್ಟಮ್ಸ್‌ನಲ್ಲಿ ಬ್ಯಾಕ್ ಬೇರೆ ಉಳಿಯಿತು. ಎಲ್ಲಕ್ಕೂ ನನ್ನ ಬಳಿ ಒಂದೇ ಕಾರಣವಿತ್ತು: ಒಳ್ಳೆಯ ಸಾಮಾನು ಇಲ್ಲ. ಒಳ್ಳೆಯ ಮೈಕ್ ಇಲ್ಲ, ಒಳ್ಳೆಯ ಪೆಡಲ್ ಇಲ್ಲ, ಒಳ್ಳೆಯ ಲ್ಯಾಪ್‌ಟಾಪ್ ಇಲ್ಲ. ನಾನು ನಕಲು ಮಾಡಲು ಹೊರಟಿದ್ದು 1952ರ ಒಂದು ಧ್ವನಿಮುದ್ರಣವನ್ನು. ಅದರ ಹೆಸರು ಜೂಕ್. ಹಾಡಿಲ್ಲ, ಬರೀ ಹಾರ್ಮೋನಿಕಾ. ಆದರೆ ಆ ನಾದ ಮೌತ್ ಆರ್ಗನ್‌ನದೆಂದು ನಂಬುವುದೇ ಕಷ್ಟ. ಸ್ಯಾಕ್ಸೋಫೋನಿನಷ್ಟು ದಪ್ಪ, ತುಸು ಒರಟು, ಸುತ್ತ ದೊಡ್ಡ ಕೋಣೆ ಇದ್ದ ಹಾಗೆ. ಇದನ್ನು ನುಡಿಸಿದವನು ಯಾವ ಪೆಡಲ್ ಬಳಸಿದ್ದಾನೆಂದು ಹುಡುಕಲು ಕೂತೆ. ಸಿಕ್ಕ ಉತ್ತರ: ಯಾವುದೂ ಇಲ್ಲ. ಕಾಲಿನಿಂದ ಒತ್ತುವ ಇಂಥ ಪೆಟ್ಟಿಗೆಗಳು ಆಗಿನ್ನೂ ಅಂಗಡಿಗೇ ಬಂದಿರಲಿಲ್ಲ. ಗಿಟಾರಿನ ಸ್ವರವನ್ನು ಒರಟಾಗಿಸುವ ಮ್ಯಾಸ್ಟ್ರೋ ಪೆಡಲ್ ಮಾರುಕಟ್ಟೆಗೆ ಬಂದಿದ್ದು 1962ರಲ್ಲಿ, ಜೂಕ್ ಬಂದು ಹತ್ತು ವರ್ಷದ ಮೇಲೆ. ಹಾಗಾದರೆ ಈ ಮನುಷ್ಯ ಯಾರು ಎಂಬ ಕುತೂಹಲ ಅಲ್ಲಿಂದ ಹತ್ತಿಕೊಂಡಿತು.

ಅವನ ಪೂರ್ತಿ ಹೆಸರು ಮರಿಯನ್ ವಾಲ್ಟರ್ ಜೇಕಬ್ಸ್. ಜಗತ್ತಿಗೆ ಲಿಟಲ್ ವಾಲ್ಟರ್. ಹುಟ್ಟಿದ್ದು 1930ರ ಮೇ 1ರಂದು, ಅಮೆರಿಕದ ಲೂಸಿಯಾನ ರಾಜ್ಯದ ಮಾರ್ಕ್ಸ್‌ವಿಲ್ ಎಂಬ ಸಣ್ಣ ಊರಿನಲ್ಲಿ. ಕಪ್ಪು ಜನರಿಗೆ ಬೇರೆ ಶಾಲೆ, ಬೇರೆ ಸೀಟು, ಬೇರೆ ನಲ್ಲಿ ಇದ್ದ ಕಾಲ. ಹನ್ನೆರಡನೇ ವಯಸ್ಸಿಗೆ ಅವನು ಶಾಲೆ ಬಿಟ್ಟು ಊರು ಬಿಟ್ಟ. ನ್ಯೂ ಆರ್ಲಿಯನ್ಸ್, ಹೆಲೆನಾ, ಮೆಂಫಿಸ್, ಸೇಂಟ್ ಲೂಯಿಸ್ ಎಂದು ಊರೂರು ಸುತ್ತಿದ. ಸಿಕ್ಕ ಚಿಲ್ಲರೆ ಕೆಲಸ ಮಾಡುತ್ತ, ಬೀದಿ ಬದಿಯಲ್ಲಿ ಹಾರ್ಮೋನಿಕಾ ಊದುತ್ತ ಹೊಟ್ಟೆ ಹೊರೆದ. ಹಿರಿಯ ವಾದಕರು ಸಿಕ್ಕಲ್ಲೆಲ್ಲ ನಿಂತು ಕೇಳಿದ. ಬ್ಲೂಸ್ ಮಾತ್ರವಲ್ಲ, ಲೂಯಿ ಜೋರ್ಡನ್ನನ ಸ್ಯಾಕ್ಸೋಫೋನ್ ರೆಕಾರ್ಡುಗಳೂ ಅವನ ಪಾಠವಾಗಿದ್ದವು. ಸ್ಯಾಕ್ಸೋಫೋನಿನ ಸಾಲುಗಳನ್ನು ಮೌತ್ ಆರ್ಗನ್‌ನಲ್ಲಿ ನುಡಿಸಲು ಹೆಣಗಿದ.

ಹದಿಹರೆಯ ಕಳೆಯುವ ಮೊದಲೇ ಷಿಕಾಗೋ ತಲುಪಿದ. ದಕ್ಷಿಣದ ಹತ್ತಿ ಹೊಲಗಳನ್ನು ಬಿಟ್ಟು ಕಾರ್ಖಾನೆ ಕೆಲಸಕ್ಕಾಗಿ ಲಕ್ಷಾಂತರ ಕಪ್ಪು ಜನ ಉತ್ತರದ ಊರುಗಳಿಗೆ ವಲಸೆ ಬರುತ್ತಿದ್ದ ಕಾಲವದು. ಷಿಕಾಗೋದ ಮ್ಯಾಕ್ಸ್‌ವೆಲ್ ಸ್ಟ್ರೀಟ್‌ನಲ್ಲಿ ಭಾನುವಾರದ ಸಂತೆ. ಹಳೆ ಬಟ್ಟೆ, ತರಕಾರಿ, ಪಾತ್ರೆ ಮಾರುವವರ ಕೂಗಿನ ನಡುವೆಯೇ ಹಾಡುಗಾರರು ನಿಂತು ಹಾಡಬೇಕು, ದಾರಿಹೋಕರು ಕಾಸು ಹಾಕಬೇಕು. ವಾಲ್ಟರ್ ಅಲ್ಲಿ ಊದಿದ. ಅದೇ ಬೀದಿಯ ಒಂದು ಅಂಗಡಿಯವರು ನಡೆಸುತ್ತಿದ್ದ ಓರಾ ನೆಲ್ ಎಂಬ ಪುಟ್ಟ ಕಂಪನಿ 1947ರಲ್ಲಿ ಅವನ ಮೊದಲ ರೆಕಾರ್ಡ್ ಮಾಡಿತು. ಮುಂದೆ ಅವನು ಮಿಸಿಸಿಪ್ಪಿಯಿಂದ ಬಂದಿದ್ದ ಮಡ್ಡಿ ವಾಟರ್ಸ್ ತಂಡ ಸೇರಿದ.

ಅಸಲಿ ಸಮಸ್ಯೆ ಎದುರಾದದ್ದು ಇಲ್ಲಿ. ಷಿಕಾಗೋದ ಬಾರುಗಳಲ್ಲಿ ಗದ್ದಲವೋ ಗದ್ದಲ. ಅದಕ್ಕಾಗಿ ಗಿಟಾರಿನವರೆಲ್ಲ ಕರೆಂಟಿನ ಗಿಟಾರ್ ಹಿಡಿದಿದ್ದರು. ಜೊತೆಗೆ ಡ್ರಮ್. ಇವರ ನಡುವೆ ಅಂಗೈ ಅಗಲದ ಮೌತ್ ಆರ್ಗನ್ ಊದುವವನ ದನಿ ಯಾರಿಗೆ ಕೇಳಿಸಬೇಕು? ಕೆಲಸಕ್ಕೆ ಅರ್ಜಿ ಹಾಕಿ ಹಾಕಿ ಉತ್ತರ ಬಾರದೆ ಕೂತಿರುವ ನಮ್ಮ ಸೀನಿಯರ್ ಅಣ್ಣಂದಿರಿಗೆ ಈ ಸ್ಥಿತಿ ಬೇಗ ಅರ್ಥವಾದೀತು.

ವಾಲ್ಟರ್ ಮಾಡಿದ್ದಿಷ್ಟು. ಭಾಷಣಕ್ಕೆ ಬಳಸುವಂಥ ಮೈಕನ್ನು ಹಾರ್ಮೋನಿಕಾದ ಜೊತೆಗೇ ಎರಡು ಅಂಗೈಗಳ ನಡುವೆ ಬಿಗಿಯಾಗಿ ಮುಚ್ಚಿ ಹಿಡಿದು, ಅದನ್ನು ಆಂಪ್ಲಿಫೈಯರ್‌ಗೆ ಸಿಕ್ಕಿಸಿದ. ಮೈಕಿಗೆ ಹಾರ್ಮೋನಿಕಾ ಊದಿದವನು ಇವನೊಬ್ಬನೇ ಅಲ್ಲ, ಸ್ನೂಕಿ ಪ್ರಯರ್‌ನಂಥವರೂ ಇದ್ದರು. ಆದರೆ ಉಳಿದವರಿಗೆ ಮೈಕೆಂದರೆ ದನಿ ಜೋರು ಮಾಡುವ ಸಾಧನ. ಇವನಿಗೆ ಮೈಕ್, ಆಂಪ್ಲಿಫೈಯರ್ ಎಲ್ಲ ಸೇರಿ ಒಂದು ಹೊಸ ವಾದ್ಯ.

ಏನಾಗುತ್ತದೆಂದರೆ, ಕೈ ಬಿಗಿಯಾಗಿ ಮುಚ್ಚಿದಾಗ ಮೈಕಿನ ಮುಂದೆ ಪುಟ್ಟದೊಂದು ಮುಚ್ಚಿದ ಗೂಡು ಸಿದ್ಧವಾಗುತ್ತದೆ. ಕೀರಲು ಸ್ವರಗಳು ಅಲ್ಲೇ ತಗ್ಗುತ್ತವೆ, ಕೆಳಗಿನ ಸ್ವರಗಳು ಉಬ್ಬುತ್ತವೆ. ಗಾಳಿಯ ಒತ್ತಡವೆಲ್ಲ ಮೈಕಿನ ಮೇಲೇ ಬೀಳುವುದರಿಂದ ಹೊರಡುವ ಸಿಗ್ನಲ್ ಬಲವಾಗಿರುತ್ತದೆ. ಆಂಪ್ಲಿಫೈಯರ್‌ನ ವಾಲ್ವುಗಳು ಅದನ್ನು ತಾಳಲಾರದೆ ಅಲೆಯ ತುದಿಗಳನ್ನು ಕತ್ತರಿಸುತ್ತವೆ. ನಮ್ಮ ಲ್ಯಾಬ್‌ನಲ್ಲಿ ಕ್ಲಿಪಿಂಗ್ ಎಂದು ಬರೆದು ದೋಷದ ಪಟ್ಟಿಗೆ ಸೇರಿಸುವುದು ಇದನ್ನೇ. ಆ ದೋಷವನ್ನೇ ಬೇಕೆಂದು ಹುಡುಕಿ, ಹದ ಮಾಡಿ, ಸಂಗೀತಕ್ಕೆ ಬಳಸಿದ ಮೊದಲಿಗರಲ್ಲಿ ವಾಲ್ಟರ್ ಒಬ್ಬ. ಕೈ ತುಸು ತೆರೆದರೆ ನಾದ ತಿಳಿಯಾಗುತ್ತದೆ, ಮುಚ್ಚಿದರೆ ಗಟ್ಟಿಯಾಗುತ್ತದೆ. ಅವನ ಪೆಡಲ್ ಇದ್ದದ್ದು ಕಾಲ ಬಳಿಯಲ್ಲ, ಅಂಗೈಯಲ್ಲಿ. 1951ರ ಜುಲೈಯಲ್ಲಿ ಮಡ್ಡಿ ವಾಟರ್ಸ್ ಹಾಡಿದ ಕಂಟ್ರಿ ಬಾಯ್ ರೆಕಾರ್ಡಿನಲ್ಲಿ ಈ ಹೊಸ ನಾದ ಕೇಳಿಸುತ್ತದೆ.

1952ರ ಮೇ 12ರಂದು ಷಿಕಾಗೋದ ಯೂನಿವರ್ಸಲ್ ಸ್ಟುಡಿಯೊದಲ್ಲಿ ಮಡ್ಡಿ ವಾಟರ್ಸ್ ತಂಡ ಸೇರಿತ್ತು. ಕಾರ್ಯಕ್ರಮಗಳಲ್ಲಿ ಆ ತಂಡ ನುಡಿಸುತ್ತಿದ್ದ ಒಂದು ಟ್ಯೂನನ್ನು ಅಂದು ವಾಲ್ಟರ್ ಹೆಸರಿನಲ್ಲಿ ಧ್ವನಿಮುದ್ರಿಸಿದರು. ಗಿಟಾರ್ ಹಿಡಿದಿದ್ದವರು ಮಡ್ಡಿ ವಾಟರ್ಸ್ ಮತ್ತು ಜಿಮ್ಮಿ ರಾಜರ್ಸ್. ಅದೇ ಜೂಕ್. ಚೆಸ್ ಸಹೋದರರ ಚೆಕರ್ ಲೇಬಲ್‌ನಲ್ಲಿ ಹೊರಬಂದು, ಬಿಲ್‌ಬೋರ್ಡ್ ಪತ್ರಿಕೆಯ ರಿದಮ್ ಅಂಡ್ ಬ್ಲೂಸ್ ಪಟ್ಟಿಯಲ್ಲಿ ಎಂಟು ವಾರ ಮೊದಲ ಸ್ಥಾನದಲ್ಲಿ ಕೂತಿತು. ಹಾರ್ಮೋನಿಕಾ ಮಾತ್ರ ಮುಂದಿದ್ದ, ಹಾಡೇ ಇಲ್ಲದ ರೆಕಾರ್ಡಿಗೆ ಈ ಸ್ಥಾನ! ಅದನ್ನು ನುಡಿಸಿದ್ದು ಎ ಶ್ರುತಿಯ ಹಾರ್ಮೋನಿಕಾದಲ್ಲಿ, ಸಂಗೀತ ಮಾತ್ರ ಇ ಶ್ರುತಿಯದು. ಹೀಗೆ ಅಡ್ಡ ಶ್ರುತಿಯಲ್ಲಿ ನುಡಿಸಿದರೆ ಮುಖ್ಯ ಸ್ವರಗಳು ಉಸಿರು ಒಳಗೆಳೆಯುವಾಗ ಸಿಗುತ್ತವೆ. ಎಳೆಯುವ ಸ್ವರಗಳನ್ನು ನಾಲಿಗೆ, ಗಂಟಲಿನಿಂದ ಬಗ್ಗಿಸಬಹುದು, ಅಳಿಸಬಹುದು.

ನನ್ನನ್ನು ಮರುಳು ಮಾಡಿದ್ದ ಪ್ರತಿಧ್ವನಿಯ ಗುಟ್ಟೂ ಆ ಕಾಲದ ಸ್ಟುಡಿಯೊಗಳಲ್ಲೇ ಇತ್ತು. ಯೂನಿವರ್ಸಲ್ ಸ್ಟುಡಿಯೊ ಕಟ್ಟಿದ ಎಂಜಿನಿಯರ್ ಬಿಲ್ ಪಟ್ನಮ್. 1947ರಲ್ಲಿ ಹಾರ್ಮೋನಿಕ್ಯಾಟ್ಸ್ ಎಂಬ ಹಾರ್ಮೋನಿಕಾ ತಂಡದ ರೆಕಾರ್ಡಿಗೆ ಗುಂಗು ಬೇಕೆನಿಸಿದಾಗ ಅವರು ಬಳಸಿದ್ದು ಸ್ಟುಡಿಯೊದ ಬಚ್ಚಲುಮನೆಯನ್ನು. ಅಲ್ಲಿ ಸ್ಪೀಕರ್ ಇಟ್ಟು ಸಂಗೀತ ಬಿಟ್ಟು, ಗೋಡೆಗೆ ಬಡಿದು ಮರಳುವ ನಾದವನ್ನು ಇನ್ನೊಂದು ಮೈಕಿನಲ್ಲಿ ಹಿಡಿದು ಮೂಲಕ್ಕೆ ಬೆರೆಸಿದರು. ಬಚ್ಚಲಲ್ಲಿ ಹಾಡಿದರೆ ನಮ್ಮ ದನಿ ನಮಗೇ ಚೆಂದ ಕೇಳಿಸುವುದಿಲ್ಲವೇ, ಅದೇ ಲೆಕ್ಕ.

ಇನ್ನೊಂದು ದಾರಿ ಟೇಪ್. ಟೇಪ್ ರೆಕಾರ್ಡರಿನಲ್ಲಿ ಬರೆಯುವ ಹೆಡ್ ಒಂದು, ಓದುವ ಹೆಡ್ ಇನ್ನೊಂದು. ಬರೆದ ನಾದ ಓದುವ ಹೆಡ್ ತಲುಪಲು ತುಸು ಹೊತ್ತು ಬೇಕು. ಹೆಡ್‌ಗಳ ನಡುವೆ 2 ಇಂಚು ಅಂತರವಿದ್ದು ಟೇಪ್ ಸೆಕೆಂಡಿಗೆ 15 ಇಂಚು ಓಡುತ್ತಿದ್ದರೆ, 2 ಭಾಗಿಸು 15, ಅಂದರೆ ಸುಮಾರು 133 ಮಿಲಿಸೆಕೆಂಡ್. ಆ ತಡವಾದ ನಾದವನ್ನು ಮೂಲದ ಜೊತೆ ಬೆರೆಸಿದರೆ ಎಕೋ. ಈಗಿನ ಡಿಲೇ ಪೆಡಲ್‌ಗಳು ಚಿಪ್‌ನೊಳಗೆ ಮಾಡುವುದೂ ಇದನ್ನೇ. ಈ ಲೆಕ್ಕ ಮಾಡುತ್ತಿದ್ದಾಗ ನನಗೆ ಸಣ್ಣಗೆ ನಾಚಿಕೆಯಾಯಿತು. ಒಂದು ಸಿಗ್ನಲ್, ಅದಕ್ಕೆ ತಡವಾದ ಅದರದೇ ನಕಲನ್ನು ತಗ್ಗಿಸಿ ಕೂಡಿಸಿದ್ದು: ನಾನು ಫೇಲಾದ ಪೇಪರಿನಲ್ಲಿ ಬಿಟ್ಟು ಬಂದಿದ್ದ ಪ್ರಶ್ನೆಯೇ ಅದು.

ಜೂಕ್ ಗೆದ್ದೊಡನೆ ವಾಲ್ಟರ್ ಮಡ್ಡಿ ವಾಟರ್ಸ್ ತಂಡ ಬಿಟ್ಟ. ಜೂನಿಯರ್ ವೆಲ್ಸ್ ಎಂಬ ಇನ್ನೊಬ್ಬ ಹುಡುಗನ ಜೊತೆಗಿದ್ದ ಏಸಸ್ ತಂಡ ಇವನದಾಯಿತು. ವೆಲ್ಸ್ ಹೋಗಿ ಮಡ್ಡಿಯ ಬಳಿ ಇವನ ಜಾಗದಲ್ಲಿ ನಿಂತ. ತಂಡ ಬಿಟ್ಟರೂ ಮಡ್ಡಿಯ ರೆಕಾರ್ಡುಗಳಿಗೆ ವಾಲ್ಟರ್ ಊದುವುದು ನಿಲ್ಲಲಿಲ್ಲ. 1952ರಿಂದ 1958ರವರೆಗೆ ಅವನ ಹದಿನಾಲ್ಕು ರೆಕಾರ್ಡುಗಳು ಆ ಪಟ್ಟಿಯ ಮೊದಲ ಹತ್ತರೊಳಗೆ ಬಂದವು. ವಿಲ್ಲಿ ಡಿಕ್ಸನ್ ಬರೆದ ಮೈ ಬೇಬ್ 1955ರಲ್ಲಿ ಮತ್ತೆ ಮೊದಲ ಸ್ಥಾನಕ್ಕೇರಿತು. ಹನ್ನೆರಡಕ್ಕೆ ಶಾಲೆ ಬಿಟ್ಟ ಹುಡುಗ ಇಪ್ಪತ್ತೈದು ತುಂಬುವ ಹೊತ್ತಿಗೆ ದೇಶವೇ ಕೇಳುವ ಹೆಸರು.

ಕಥೆ ಇಲ್ಲಿಗೇ ಮುಗಿದಿದ್ದರೆ ಓದಲು ಹಿತವಾಗಿರುತ್ತಿತ್ತು. ಆದರೆ ಬದುಕಿನ ಇನ್ನರ್ಧವನ್ನು ಮುಚ್ಚಿಟ್ಟು ಯಾರ ಜೀವನವನ್ನೂ ಹೇಳಬಾರದು. ವಾಲ್ಟರ್‌ಗೆ ಕುಡಿತ ಅಂಟಿತ್ತು. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಜಗಳ, ಹೊಡೆದಾಟ ಸಾಮಾನ್ಯವಾದವು, ಮುಖದ ಮೇಲೆ ಗಾಯದ ಗುರುತುಗಳು ಉಳಿದವು. ಅಷ್ಟರಲ್ಲಿ ಎಳೆಯರು ರಾಕ್ ಅಂಡ್ ರೋಲ್ ಕಡೆ ತಿರುಗಿದ್ದರು. 1950ರ ದಶಕ ಮುಗಿಯುವಾಗ ಅವನ ಹಿಟ್‌ಗಳೂ ಮುಗಿದವು. 1964ರಲ್ಲಿ ಇಂಗ್ಲೆಂಡಿಗೆ, 1967ರಲ್ಲಿ ಮತ್ತೆ ಯುರೋಪಿಗೆ ಹೋಗಿ ಬಂದ. ಅಲ್ಲಿನ ಎಳೆಯರು ಅವನನ್ನು ಗುರುವಿನಂತೆ ನೋಡುತ್ತಿದ್ದರು. ಆರೋಗ್ಯ ಮಾತ್ರ ಕೈಕೊಟ್ಟಿತ್ತು.

1968ರ ಫೆಬ್ರವರಿಯಲ್ಲಿ ಷಿಕಾಗೋದಲ್ಲಿ ಒಂದು ಕಾರ್ಯಕ್ರಮದ ಬಿಡುವಿನಲ್ಲಿ ಹೊಡೆದಾಟವಾಯಿತು. ಮೇಲ್ನೋಟಕ್ಕೆ ದೊಡ್ಡ ಪೆಟ್ಟೇನೂ ಇರಲಿಲ್ಲ. ಮಲಗಿದವನು ಏಳಲಿಲ್ಲ. ಫೆಬ್ರವರಿ 15ರಂದು ಹೋದಾಗ ವಯಸ್ಸು ಮೂವತ್ತೇಳು. ಷಿಕಾಗೋ ಪಕ್ಕದ ಎವರ್‌ಗ್ರೀನ್ ಪಾರ್ಕ್‌ನ ಸ್ಮಶಾನದಲ್ಲಿ ಮಣ್ಣು ಮಾಡಿದರು. ಆ ಜಾಗದಲ್ಲಿ ಹೆಸರಿನ ಕಲ್ಲು ನಿಲ್ಲಲು 1991ರವರೆಗೆ ಕಾಯಬೇಕಾಯಿತು. ಅದನ್ನು ಹಾಕಿಸಿದವರು ಅಭಿಮಾನಿಗಳು. 2008ರಲ್ಲಿ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಅವನನ್ನು ಸೇರಿಸಿಕೊಂಡಿತು.

ಇದನ್ನೆಲ್ಲ ಓದಿದ ಮೇಲೆ ಒಂದು ಪ್ರಶ್ನೆ ನನ್ನನ್ನು ಬಿಡಲಿಲ್ಲ. ಗದ್ದಲದಲ್ಲಿ ತನ್ನ ದನಿ ಕೇಳಿಸುತ್ತಿಲ್ಲ ಎಂಬ ಕಷ್ಟಕ್ಕೆ ಅಷ್ಟು ಜಾಣ ಪರಿಹಾರ ಕಂಡವನಿಗೆ ತನ್ನ ಸಿಟ್ಟಿಗೆ, ಕುಡಿತಕ್ಕೆ ಪರಿಹಾರ ಕಾಣಲಿಲ್ಲ ಏಕೆ? ಉತ್ತರ ನನಗೆ ಗೊತ್ತಿಲ್ಲ. ಅವನನ್ನು ತೂಗಿ ನೋಡುವ ಯೋಗ್ಯತೆಯೂ ನನ್ನದಲ್ಲ. ಹನ್ನೆರಡನೇ ವಯಸ್ಸಿನಲ್ಲಿ ನಾನು ಸಂಜೆಯಾದರೆ ಅಮ್ಮ ಕೊಡುವ ಕಾಫಿಗೆ ಕಾಯುತ್ತಿದ್ದೆ, ಅವನು ಬೀದಿಯಲ್ಲಿದ್ದ. ಆದರೆ ಒಂದಂತೂ ತಿಳಿಯಿತು. ಅವನ ನಾದಕ್ಕೆ ಸಾಮಾನು ಕಾರಣವಾಗಿರಲಿಲ್ಲ. ನನ್ನ ಸೋಲಿಗೂ ಸಾಮಾನು ಕಾರಣವಾಗಿರಲಿಲ್ಲ.

ಪೆಟ್ಟಿಗೆ ಬಿಚ್ಚಿ ಕೂತೆ. ಫೆಸ್ಟ್ ದಿನ ನಾನು ಮಾಡಿದ್ದ ತಪ್ಪು ಈಗ ಸ್ಪಷ್ಟವಾಗಿತ್ತು. ಎಕೋ ಹೆಚ್ಚಿರಲೆಂದು ಎಲ್ಲ ತಿರುಪುಗಳನ್ನೂ ಕೊನೆಯವರೆಗೆ ತಿರುಗಿಸಿದ್ದೆ. ಮೈಕನ್ನು ಸಡಿಲವಾಗಿ ಹಿಡಿದು ಸ್ಪೀಕರ್ ಎದುರಿಗೇ ನಿಂತಿದ್ದೆ. ಸ್ಪೀಕರಿನ ನಾದ ಮತ್ತೆ ಮೈಕಿಗೆ, ಮೈಕಿನದು ಮತ್ತೆ ಸ್ಪೀಕರಿಗೆ. ಕಿರುಚದೆ ಇನ್ನೇನು ಮಾಡೀತು? ಈಗ ಡಿಲೇ ಸುಮಾರು 130 ಮಿಲಿಸೆಕೆಂಡ್, ಪ್ರತಿಧ್ವನಿ ಒಂದೇ ಒಂದು, ಅದೂ ಮೂಲಕ್ಕಿಂತ ಬಹಳ ತಗ್ಗಿನಲ್ಲಿ. ಈ ಚಿಪ್‌ನಲ್ಲಿ ತಡ ಹೆಚ್ಚಿಸುತ್ತ ಹೋದಷ್ಟೂ ಗೊರಗೊರ ಸದ್ದು ಹೆಚ್ಚುತ್ತದೆ, ಹಾಗಾಗಿ ಕಡಿಮೆಯೇ ಲೇಸು. ಮೈಕ್ ಅಂಗೈಯಲ್ಲಿ ಬಿಗಿಯಾಗಿ, ಸ್ಪೀಕರ್ ಮುಂದಕ್ಕೆ, ನಾನು ಹಿಂದಕ್ಕೆ. ಎಲ್ಲಕ್ಕಿಂತ ಮೊದಲು, ಮೂರು ತಿಂಗಳು ಪೆಟ್ಟಿಗೆಯನ್ನು ಟ್ರಂಕಿನಲ್ಲಿಟ್ಟು ಬರೀ ಮೌತ್ ಆರ್ಗನ್ ಊದಿದೆ. ಒಂದು ಸ್ವರವನ್ನು ಶುದ್ಧವಾಗಿ ಬಗ್ಗಿಸಲು ಆ ಮೂರು ತಿಂಗಳು ಹಿಡಿಯಿತು. ರೂಮ್‌ಮೇಟ್ ತಾಳಿಕೊಂಡ, ಅವನಿಗೆ ಋಣಿ.

ಬೆಳಿಗ್ಗೆ ಊದುವುದು, ಸಂಜೆ ಸಿಗ್ನಲ್ಸ್ ಪುಸ್ತಕ. ಆ ಪೇಪರ್ ಈ ಬಾರಿ ಪಾಸಾಯಿತು, ಅಂಕಗಳು ಹೇಳಿಕೊಳ್ಳುವಂಥದ್ದಲ್ಲ. ಅಪ್ಪ ಫೋನಿನಲ್ಲಿ ಎಷ್ಟು ಬಂತು ಎಂದು ಕೇಳಿದರು, ಹೇಳಿದೆ. ಸರಿ, ಊಟ ಮಾಡು ಎಂದರು.

ಕಳೆದ ತಿಂಗಳು ಹಾಸ್ಟೆಲ್ ಡೇ ದಿನ ಮತ್ತೆ ನುಡಿಸಿದೆ. ಸ್ಪೀಕರ್ ಕಿರುಚಲಿಲ್ಲ. ಜೂಕ್‌ನ ಹತ್ತಿರಕ್ಕೂ ನಾನು ಹೋಗಲಿಲ್ಲ, ಹೋಗುವುದೂ ಇಲ್ಲ. ಆದರೆ ಕೊನೆಯ ಸಾಲಿನವರೆಗೂ ಕೇಳಿಸಿತಂತೆ. ಮೆಸ್‌ನಲ್ಲಿ ಬಡಿಸುವ ಅಣ್ಣ ಮರುದಿನ ಬೆಳಿಗ್ಗೆ ಉಪ್ಪಿಟ್ಟು ಹಾಕುತ್ತ, ಅದು ಯಾವ ವಾದ್ಯ ಎಂದು ಕೇಳಿದರು. ಮೌತ್ ಆರ್ಗನ್ ಎಂದೆ. ಅವರು ನಂಬಲಿಲ್ಲ.