ವೆಲಿಂಗ್ಟನ್ ಡ್ಯೂಕನೂ ಕನ್ನಡ ನಾಡಿನ ಎತ್ತುಗಳೂ

ವೆಲಿಂಗ್ಟನ್ ಎಂದ ಕೂಡಲೆ ನಾವು ಇತಿಹಾಸದ ವಿದ್ಯಾರ್ಥಿಗಳು ವಾಟರ್‌ಲೂ ಎನ್ನುತ್ತೇವೆ. ನೆಪೋಲಿಯನ್ನನನ್ನು ಸೋಲಿಸಿದವನು, ಮುಂದೆ ಇಂಗ್ಲಂಡದ ಪ್ರಧಾನಮಂತ್ರಿಯಾದವನು ಎಂದು ಎರಡು ವಾಕ್ಯ ಬರೆದರೆ ಪರೀಕ್ಷೆಯ ಮಟ್ಟಿಗೆ ಆತನ ಕಥೆ ಮುಗಿಯಿತು. ಆದರೆ ಆತನು ಯುದ್ಧವಿದ್ಯೆಯನ್ನು ಕಲಿತ ಪಾಠಶಾಲೆ ಯುರೋಪಿನಲ್ಲಿ ಇರಲಿಲ್ಲ. ಶ್ರೀರಂಗಪಟ್ಟಣದಿಂದ ಮಲಪ್ರಭೆಯ ದಂಡೆಯವರೆಗಿನ ನಮ್ಮ ನಾಡೇ ಆ ಪಾಠಶಾಲೆ. ಅಲ್ಲಿ ಆತನಿಗೆ ಕಲಿಸಿದವರು ಎತ್ತು, ಕಾಳುಕಡಿ, ತುಂಬಿದ ಹೊಳೆ, ಹರಿಗೋಲು, ಲಮಾಣಿ ಜನ. ಈ ಗುರುಗಳ ಋಣವನ್ನು ಆತನು ರಣರಂಗದಲ್ಲಿ ಒಪ್ಪಿಕೊಂಡನು, ರಾಜಕಾರಣದಲ್ಲಿ ಮರೆತನು ಎಂಬುದು ನನ್ನ ಅಭಿಪ್ರಾಯ.

ಆರ್ಥರ್ ವೆಲ್ಲೆಸ್ಲಿ ಹುಟ್ಟಿದ್ದು 1769ರಲ್ಲಿ, ಐರ್ಲಂಡದ ಡಬ್ಲಿನ್ ನಗರದಲ್ಲಿ. ನೆಪೋಲಿಯನ್ನನೂ ಅದೇ ವರ್ಷ ಹುಟ್ಟಿದವನು. ತಂದೆ ಮಾರ್ನಿಂಗ್ಟನ್ನಿನ ಅರ್ಲ್, ಟ್ರಿನಿಟಿ ಕಾಲೇಜಿನಲ್ಲಿ ಸಂಗೀತದ ಪ್ರಾಧ್ಯಾಪಕನಾಗಿದ್ದವನು. ಮನೆತನ ದೊಡ್ಡದು, ಆದರೆ ಕೈ ಬಿಗಿ. 1781ರಲ್ಲಿ ತಂದೆ ತೀರಿಹೋದನು. ಈಟನ್ ಶಾಲೆಯಲ್ಲಿ ಹುಡುಗನು ಮಂದನೆಂದೇ ಹೆಸರಾದನು. ತಾಯಿಗೆ ಈ ಮಗನ ಮೇಲೆ ಭರವಸೆ ಇರಲಿಲ್ಲ. ಫ್ರಾನ್ಸಿನ ಆಂಜೇ ಎಂಬ ಊರಿಗೆ ಕುದುರೆ ಸವಾರಿ ಕಲಿಯಲು ಕಳಿಸಿ, 1787ರಲ್ಲಿ ಸೈನ್ಯಕ್ಕೆ ಸೇರಿಸಿದರು.

ಆ ಕಾಲದ ಇಂಗ್ಲಿಷ್ ಸೈನ್ಯದಲ್ಲಿ ಹುದ್ದೆಗಳನ್ನು ಹಣ ಕೊಟ್ಟು ಕೊಳ್ಳಬಹುದಾಗಿತ್ತು. ಅಣ್ಣ ರಿಚರ್ಡನು ಹಣ ಒದಗಿಸಿದನು. ತಮ್ಮನು 1793ರಲ್ಲಿ, ತನ್ನ 24ನೆಯ ವಯಸ್ಸಿಗೆ, 33ನೆಯ ಪಲ್ಟಣದ ಲೆಫ್ಟಿನೆಂಟ್ ಕರ್ನಲ್ ಆದನು. ಅದಕ್ಕೂ ಮೊದಲು, 1790ರಲ್ಲಿ, ಮನೆತನದ ಹಿಡಿತದಲ್ಲಿದ್ದ ಟ್ರಿಮ್ ಕ್ಷೇತ್ರದಿಂದ ಐರಿಷ್ ಪಾರ್ಲಿಮೆಂಟಿನ ಸದಸ್ಯನಾಗಿದ್ದನು. ಆಗ ಆತನಿಗೆ ಹೆಚ್ಚು ಕಡಿಮೆ ನನ್ನದೇ ವಯಸ್ಸು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಈ ಭಾಗವನ್ನು ಓದುವಾಗ ನನ್ನ ಮನಸ್ಸು ಕಹಿಯಾಯಿತೆಂದು ಹೇಳಿದರೆ ವಾಚಕ ಮಿತ್ರರು ಕ್ಷಮಿಸಬೇಕು. ಆದರೂ ಒಂದು ಮಾತನ್ನು ಒಪ್ಪಲೇಬೇಕು. ಅದೇ 1793ರಲ್ಲಿ ಆತನು ತನಗೆ ಬಹು ಪ್ರಿಯವಾದ ಪಿಟೀಲುಗಳನ್ನು ಸುಟ್ಟುಬಿಟ್ಟನು. ಮುಂದೆ ಫ್ಲಾಂಡರ್ಸಿನ ದಂಡಯಾತ್ರೆಯಲ್ಲಿ ಅನ್ನ ಬಟ್ಟೆಗಳಿಲ್ಲದೆ ಚಳಿಗಾಲದಲ್ಲಿ ಸೈನಿಕರು ಸಾಯುವುದನ್ನು ಕಣ್ಣಾರೆ ಕಂಡನು. ಸೈನ್ಯವನ್ನು ಹೇಗೆ ನಡೆಸಬಾರದು ಎಂಬುದು ಅಲ್ಲಿ ತಿಳಿಯಿತು. ಹೇಗೆ ನಡೆಸಬೇಕು ಎಂಬುದನ್ನು ತಿಳಿಯಲು ಇಲ್ಲಿಗೆ ಬರಬೇಕಾಯಿತು.

1797ರಲ್ಲಿ ಆತನು ಕಲಕತ್ತೆಗೆ ಬಂದಿಳಿದನು. ಮರುವರ್ಷ ಅಣ್ಣ ರಿಚರ್ಡನೇ ಗವರ್ನರ್ ಜನರಲ್ ಆಗಿ ಬಂದನು. 1799ರಲ್ಲಿ ಟಿಪ್ಪೂ ಸುಲ್ತಾನನ ಮೇಲೆ ದಂಡು ಹೊರಟಾಗ ನಿಜಾಮನ ಸೈನ್ಯದ ಹೊಣೆ ತಮ್ಮನ ಪಾಲಿಗೆ ಬಂದಿತು. ಏಪ್ರಿಲ್ 5ರ ರಾತ್ರಿ ಶ್ರೀರಂಗಪಟ್ಟಣದ ಹೊರಗಿನ ಸುಲ್ತಾನಪೇಟೆಯ ತೋಪಿನಲ್ಲಿ ಕತ್ತಲೆಯಲ್ಲಿ ದಾರಿ ತಪ್ಪಿ ಸೋತು ಹಿಂತಿರುಗಿದನು. ಮೇ 4ರಂದು ಕೋಟೆ ಬಿದ್ದಿತು, ಟಿಪ್ಪೂ ಹೋರಾಡುತ್ತಲೇ ಮಡಿದನು. ಕೋಟೆಗೆ ಮೊದಲು ನುಗ್ಗಿದ ದಂಡಿನ ನಾಯಕನು ಬೇರ್ಡ್ ಎಂಬುವನು. ಹಿಂದೆ ಅದೇ ಕೋಟೆಯಲ್ಲಿ ವರ್ಷಗಟ್ಟಲೆ ಸೆರೆಯಲ್ಲಿದ್ದವನು. ಆದರೆ ಪಟ್ಟಣದ ಅಧಿಕಾರ ದೊರೆತದ್ದು ಗವರ್ನರ್ ಜನರಲ್ಲನ ತಮ್ಮನಿಗೆ! ಅಧಿಕಾರ ವಹಿಸಿಕೊಂಡ ವೆಲ್ಲೆಸ್ಲಿ ಲೂಟಿ ಮಾಡುತ್ತಿದ್ದ ನಾಲ್ವರನ್ನು ಗಲ್ಲಿಗೇರಿಸಿ, ಹಲವರಿಗೆ ಚಾಟಿ ಏಟು ಹಾಕಿಸಿ, ಪೇಟೆಯ ಅಂಗಡಿಗಳು ತೆರೆಯುವಂತೆ ಮಾಡಿದನು. ಇದು ಮೆಚ್ಚತಕ್ಕದ್ದೇ. ಆದರೆ ಟಿಪ್ಪೂವಿನ ಖಜಾನೆಯನ್ನು ಸೈನ್ಯವು ಕ್ರಮಬದ್ಧವಾಗಿ ಹಂಚಿಕೊಂಡಾಗ ಸೇನಾಪತಿ ಹ್ಯಾರಿಸನಿಗೆ 1,40,000 ಪೌಂಡಿಗೂ ಮಿಕ್ಕಿ, ವೆಲ್ಲೆಸ್ಲಿಗೆ ಸುಮಾರು 4,000 ಪೌಂಡು ಬಂದಿತು. ಬಡ ಸಿಪಾಯಿ ಮಾಡಿದರೆ ಲೂಟಿ, ಸರಕಾರದ ಲೆಕ್ಕದಲ್ಲಿ ಬರೆದುಕೊಂಡರೆ ಪಾಲು.

ಟಿಪ್ಪೂವಿನ ದರಿಯಾ ದೌಲತ್ ಮಹಲಿನಲ್ಲಿ ಆತನ ವಾಸ. ಮೈಸೂರಿನ ಗದ್ದುಗೆಯ ಮೇಲೆ ಐದು ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರು. ರಾಜ್ಯಭಾರ ದಿವಾನ ಪೂರ್ಣಯ್ಯನವರದು. ಇಂಥ ಸಮಯದಲ್ಲಿ ಧೋಂಡಿಯಾ ವಾಘನು ತಲೆ ಎತ್ತಿದನು. ಚನ್ನಗಿರಿಯಲ್ಲಿ ಹುಟ್ಟಿದ ಮರಾಠನೀತ. ಹೈದರನ ಕುದುರೆಸವಾರನಾಗಿದ್ದು, ಟಿಪ್ಪೂವಿನ ಕಾಲದಲ್ಲಿ ಸೆರೆಮನೆ ಸೇರಿದ್ದನು. ಪಟ್ಟಣ ಬಿದ್ದ ಗದ್ದಲದಲ್ಲಿ ಹೊರಬಂದು, ಅನ್ನವಿಲ್ಲದೆ ಅಲೆಯುತ್ತಿದ್ದ ಸುಲ್ತಾನನ ಸವಾರರನ್ನು ಕೂಡಿಸಿ ಬಿದನೂರು ಸೀಮೆಯನ್ನು ಹಿಡಿದನು. ತನ್ನನ್ನು ಉಭಯಲೋಕಾಧೀಶ್ವರನೆಂದು ಕರೆದುಕೊಂಡನು. ಇಂಗ್ಲಿಷರು ಆತನನ್ನು ದರೋಡೆಕೋರನೆಂದರು. ಈಚಿನವರು ಕೆಲವರು ಸ್ವಾತಂತ್ರ್ಯವೀರನೆನ್ನುತ್ತಾರೆ. ನನಗೆ ತೋರುವಂತೆ ಕೆಲಸ ಕಳೆದುಕೊಂಡ ಸಾವಿರಾರು ಸೈನಿಕರಿಗೆ ಆತನು ಅನ್ನದ ದಾರಿಯಾಗಿದ್ದನು. ಉಳಿದ ಹೆಸರುಗಳೆಲ್ಲ ಆಮೇಲಿನವು.

1800ರ ಜೂನದಲ್ಲಿ ವೆಲ್ಲೆಸ್ಲಿ ಹರಿಹರದ ಬಳಿ ತುಂಗಭದ್ರೆಯನ್ನು ದಾಟಿದನು. ಆಚೆಯದು ಪೇಶ್ವೆಯರ ಸೀಮೆ; ನಮ್ಮ ವಿಜಯಪುರವೂ ಆಗ ಅವರದೇ. ರಾಣೆಬೆನ್ನೂರು ಬಿದ್ದಿತು. ಅತ್ತ ಕಿತ್ತೂರಿನ ಕಡೆ ಧೋಂಡಿಯಾನು ಪೇಶ್ವೆಯರ ಸರದಾರ ಧೋಂಡೋಪಂತ ಗೋಖಲೆಯನ್ನು ಕೊಂದನು. ಜುಲೈದಲ್ಲಿ ಕುಂದಗೋಳ, ಡಂಬಳಗಳ ಕೋಟೆಗಳನ್ನು ವೆಲ್ಲೆಸ್ಲಿ ಏಣಿ ಹಾಕಿ ಹಿಡಿದನು. ಜುಲೈ 30ರಂದು ಮುನವಳ್ಳಿಯ ಹತ್ತಿರ ಧೋಂಡಿಯಾನ ಬೀಡಿನ ಮೇಲೆ ಬಿದ್ದನು. ಹಿಂದೆ ಕುದುರೆ ದಂಡು, ಮುಂದೆ ಮಳೆಗಾಲದ ಮಲಪ್ರಭೆ. ಜನವೂ ದನವೂ ಹೊಳೆಯ ಪಾಲಾದವು. ಬೀಡೆಂದರೆ ಬರಿಯ ಸೈನಿಕರಲ್ಲ, ಹೆಂಗಸರು ಮಕ್ಕಳು ಕೂಡಿದ ಒಂದು ಊರೇ. ಇಂಗ್ಲಿಷರ ಪುಸ್ತಕಗಳಲ್ಲಿ ಇದು ಒಂದು ಸಾಲಿನ ವಿಜಯ. ನಾನು ಆ ಸಾಲನ್ನು ಅಷ್ಟು ಬೇಗ ದಾಟಲಾರೆನು.

ಕಪ್ಪು ಎರಿಮಣ್ಣಿನಲ್ಲಿ ಮಳೆಗಾಲದ ಪ್ರಯಾಣವೆಂದರೇನೆಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಡೋಣಿ ತುಂಬಿ ಸಾರವಾಡದ ಸೇತುವೆ ಮುಳುಗಿದ ದಿನ ಬಬಲೇಶ್ವರದ ಗೆಳೆಯರು ತರಗತಿಗೆ ಬರುವುದಿಲ್ಲ. ಡಾಂಬರು ರಸ್ತೆಯ ಕಾಲದಲ್ಲಿಯೇ ಹೀಗಾದರೆ, ತೋಪು, ಗುಂಡು, ಅಕ್ಕಿಯ ಚೀಲಗಳನ್ನು ಎಳೆದುಕೊಂಡು ಸಾವಿರಾರು ಜನ ಎರಿಯಲ್ಲಿ ನಡೆದದ್ದು ಹೇಗೆ? ನಮ್ಮ ಟಿಕೋಟಾದ ಮನೆಯಲ್ಲಿ ಎತ್ತುಗಳಿದ್ದ ಕಾಲವನ್ನು ಕಂಡ ಅಜ್ಜನಿಗೆ ಈ ದಂಡಿನ ಕಥೆಯನ್ನು ಓದಿ ಹೇಳಿದಾಗ ಆತನು ಯುದ್ಧವನ್ನು ಕೇಳಲಿಲ್ಲ, ಎತ್ತುಗಳಿಗೆ ಮೇವು ಎಲ್ಲಿಂದ ತಂದರೆಂದು ಕೇಳಿದನು. ವೆಲ್ಲೆಸ್ಲಿಯ ದೊಡ್ಡಸ್ತಿಕೆ ಇರುವುದು ಇಲ್ಲಿಯೇ: ಆತನೂ ಮೊದಲು ಆ ಪ್ರಶ್ನೆಯನ್ನೇ ಕೇಳುತ್ತಿದ್ದನು. ಆತನ ಕಾಗದಪತ್ರಗಳಲ್ಲಿ ಎತ್ತು ಮತ್ತು ಅಕ್ಕಿಯ ಲೆಕ್ಕ ಪುಟಪುಟಕ್ಕೂ ಬರುತ್ತದೆ. ತೋಪುಗಳನ್ನು ಎಳೆಯಲು ಮೈಸೂರಿನ ಅಮೃತಮಹಲ್ ಎತ್ತುಗಳು ಒದಗಿದವು. ಅವು ಹೈದರ್, ಟಿಪ್ಪೂಗಳು ದಂಡಿಗಾಗಿಯೇ ಸಾಕಿ ಬೆಳೆಸಿದ ತಳಿ. ಬೇರೆ ಎತ್ತುಗಳು ಕೈಬಿಟ್ಟಲ್ಲಿ ನಡೆಯುವಂಥವು. ಸೋತ ಸುಲ್ತಾನನ ಎತ್ತುಗಳೇ ಗೆದ್ದವನ ತೋಪು ಎಳೆದವು.

ಕಾಳು ಒದಗಿಸಿದವರು ಲಮಾಣಿಗರು. ಹೇರೆತ್ತುಗಳ ಹಿಂಡುಗಳ ಮೇಲೆ ಧಾನ್ಯ ಹೊರಿಸಿ, ಹೆಂಡತಿ ಮಕ್ಕಳೊಡನೆ ದಂಡಿನ ಹಿಂದೆ ನಡೆದವರು ಅವರು. ಅವರು ಯಾರ ಆಳುಗಳೂ ಅಲ್ಲ, ವ್ಯಾಪಾರಿಗಳು. ಹಣ ಸರಿಯಾಗಿ ಕೊಟ್ಟರೆ ಬರುವರು, ಮೋಸವಾದರೆ ಮತ್ತೊಂದು ದಂಡಿಗೆ ಹೋಗುವರು. ಇವರನ್ನು ನಂಬಿಗೆಯಲ್ಲಿ ಇಟ್ಟುಕೊಳ್ಳದೆ ದಖ್ಖಣದಲ್ಲಿ ಯುದ್ಧವಿಲ್ಲವೆಂದು ವೆಲ್ಲೆಸ್ಲಿ ಅರಿತನು. ಟಿಕೋಟಾದ ಸುತ್ತಲಿನ ತಾಂಡಾಗಳಿಂದ ನನ್ನೊಡನೆ ಬಸ್ಸಿನಲ್ಲಿ ಬರುವ ಗೆಳೆಯರಿಗೆ ತಮ್ಮ ಹಿರಿಯರ ಈ ಇತಿಹಾಸ ಗೊತ್ತಿರಲಿಲ್ಲ. ನಮ್ಮ ಪಠ್ಯಪುಸ್ತಕಗಳಲ್ಲಿ ಅದಕ್ಕೆ ಜಾಗವಿಲ್ಲ. ಹೊಳೆಗಳನ್ನು ದಾಟಲು ಬಿದಿರಿನ ಬುಟ್ಟಿಗೆ ಚರ್ಮ ಹೊದಿಸಿದ ಹರಿಗೋಲುಗಳು. ತನ್ನ ಬಳಿ ಹರಿಗೋಲುಗಳಿದ್ದರೆ ತುಂಬಿದ ಹೊಳೆ ಶತ್ರುವಿನ ಕುದುರೆಗಳಿಗೇ ಹೆಚ್ಚು ಅಡ್ಡಿ ಎಂಬ ಲೆಕ್ಕದಿಂದ, ಮಳೆಗಾಲವೇ ಯುದ್ಧಕ್ಕೆ ಒಳ್ಳೆಯದೆಂದು ಆತನು ನಿರ್ಣಯಿಸಿದನು.

1800ರ ಸಪ್ಟಂಬರ 10ರಂದು ರಾಯಚೂರು ಸೀಮೆಯ ಕೋಣಗಲ್ಲಿನಲ್ಲಿ ಬೇಟೆ ಮುಗಿಯಿತು. ಧೋಂಡಿಯಾನ ಸವಾರರು ಸುಮಾರು 5,000. ವೆಲ್ಲೆಸ್ಲಿಯ ಬಳಿ ನಾಲ್ಕೇ ಕುದುರೆ ಪಲ್ಟಣಗಳು. ಅವನ್ನು ಒಂದೇ ಸಾಲಾಗಿ ನಿಲ್ಲಿಸಿ ತಾನೇ ಮುಂದಾಗಿ ನುಗ್ಗಿದನು. ಧೋಂಡಿಯಾನು ಮಡಿದನು, ಶವವನ್ನು ತೋಪಿನ ಗಾಡಿಗೆ ಕಟ್ಟಿ ಬೀಡಿಗೆ ತಂದರು. ಸಾಮಾನುಗಳ ನಡುವೆ ನಾಲ್ಕು ವರ್ಷದ ಒಂದು ಗಂಡು ಮಗು ಸಿಕ್ಕಿತು. ಧೋಂಡಿಯಾನ ಮಗ, ಹೆಸರು ಸಲಾಬತ್ ಖಾನ್. ತಂದೆಯನ್ನು ಕೊಂದವನು ಮಗುವನ್ನು ತನ್ನ ಡೇರೆಗೆ ಕರೆಸಿಕೊಂಡು ಸಾಕಿದನು. ಭರತಖಂಡವನ್ನು ಬಿಡುವಾಗ ಅದರ ಪಾಲನೆಗೆಂದು ಶ್ರೀರಂಗಪಟ್ಟಣದಲ್ಲಿ ಹಣವಿಟ್ಟು ಹೋದನು. ಹುಡುಗನು ಬೆಳೆದು ಮೈಸೂರು ಅರಸರ ಸೇವೆಗೆ ಸೇರಿ, 1822ರಲ್ಲಿ ಕಾಲರಾ ಬೇನೆಯಿಂದ ತೀರಿಹೋದನು. ಇದನ್ನು ದಯೆ ಎನ್ನಬೇಕೋ, ಗೆದ್ದವನ ಔದಾರ್ಯವೆನ್ನಬೇಕೋ? ಮುನವಳ್ಳಿಯ ಹೊಳೆಯಲ್ಲಿ ಹೋದ ಮಕ್ಕಳನ್ನು ನೆನೆದರೆ ನನ್ನ ಮನಸ್ಸು ಹೊಯ್ದಾಡುತ್ತದೆ. ಆದರೂ ಎರಡೂ ಒಬ್ಬನೇ ಮನುಷ್ಯನು ಮಾಡಿದ ಕೆಲಸಗಳು.

1803ರಲ್ಲಿ ಹರಿಹರದಿಂದಲೇ ಹೊರಟು ಆತನು ಪುಣೆಯನ್ನು ಮುಟ್ಟಿದನು. ಮರಾಠರೊಡನೆ ಯುದ್ಧ ಹತ್ತಿತು. ಸಪ್ಟಂಬರ 23ರಂದು ಅಸ್ಸಾಯಿಯಲ್ಲಿ ಶತ್ರುಗಳು ಹೊಳೆಯ ಆಚೆ. ದಾಟಲು ಕಡಹು ಇಲ್ಲವೆಂದು ದಾರಿ ತೋರುವವರು ಹೇಳಿದರು. ಎರಡು ದಂಡೆಗಳಲ್ಲಿ ಎದುರು ಬದುರಾಗಿ ಎರಡು ಹಳ್ಳಿಗಳಿದ್ದುದನ್ನು ವೆಲ್ಲೆಸ್ಲಿ ಕಂಡನು. ಹೀಗೆ ಹಳ್ಳಿಗಳಿದ್ದ ಮೇಲೆ ಜನ ಓಡಾಡುವ ಕಡಹು ಇರಲೇಬೇಕೆಂದು ಊಹಿಸಿದನು, ಊಹೆ ನಿಜವಾಯಿತು. ಇದು ಅರಮನೆಯಲ್ಲಿ ಬರುವ ಬುದ್ಧಿಯಲ್ಲ, ಹಳ್ಳಿಗಳನ್ನು ಸುತ್ತಿದವನಿಗೆ ಬರುವಂಥದು. ಗೆಲುವಿನ ಬೆಲೆ ಸತ್ತವರೂ ಗಾಯಗೊಂಡವರೂ ಸೇರಿ 1,500ಕ್ಕೂ ಮಿಕ್ಕಿ. ಆತನ ದಂಡು ಇದ್ದದ್ದೇ ಸುಮಾರು 7,000.

1805ರಲ್ಲಿ ಸ್ವದೇಶಕ್ಕೆ ಹೋದನು. ಪೋರ್ತುಗಾಲ ಸ್ಪೇನುಗಳಲ್ಲಿ 1808ರಿಂದ 1814ರವರೆಗೆ ನಡೆದ ಯುದ್ಧವನ್ನು ನಮ್ಮ ಪಠ್ಯಗಳು ವಿಸ್ತಾರವಾಗಿ ಹೇಳುತ್ತವೆ. ನಾನು ಒಂದನ್ನೇ ಹೇಳುವೆನು. ಫ್ರೆಂಚರು ಊರೂರು ಸುಲಿದು ಉಂಡರು, ರೈತರು ಅವರ ವೈರಿಗಳಾದರು. ವೆಲ್ಲೆಸ್ಲಿ ಹೇಸರಗತ್ತೆಗಳ ಮೇಲೆ ಧಾನ್ಯ ತರಿಸಿ, ಊರವರಿಂದ ಕೊಂಡದ್ದಕ್ಕೆ ಬೆಲೆ ಕೊಡಬೇಕೆಂದು ಕಟ್ಟುಮಾಡಿದನು. ತುಂಗಭದ್ರೆಯ ಆಚೆ ಈಚೆ ಕಲಿತ ಪಾಠವೇ ಅದು. ಆದರೆ 1812ರಲ್ಲಿ ಬಡಾಹೋಸ್ ಪಟ್ಟಣವನ್ನು ಹಿಡಿದಾಗ ಆತನ ಸೈನಿಕರು ದಿನಗಟ್ಟಲೆ ಊರನ್ನು ಸುಲಿದರೆಂಬುದೂ ನಿಜ. 1814ರಲ್ಲಿ ಡ್ಯೂಕ್ ಪದವಿ, 1815ರ ಜೂನ 18ರಂದು ವಾಟರ್‌ಲೂ.

ಇನ್ನು ರಾಜಕಾರಣ. 1828ರಲ್ಲಿ ಪ್ರಧಾನಮಂತ್ರಿಯಾದನು. ಮರುವರ್ಷ ಕೆಥೊಲಿಕರಿಗೆ ಪಾರ್ಲಿಮೆಂಟಿನ ಬಾಗಿಲು ತೆರೆಯುವ ಕಾಯಿದೆಯನ್ನು ತನ್ನ ಪಕ್ಷದವರ ವಿರೋಧವನ್ನು ಕಟ್ಟಿಕೊಂಡೇ ತಂದನು. ಅದಕ್ಕಾಗಿ ಒಬ್ಬ ಪ್ರಭುವಿನೊಡನೆ ಪಿಸ್ತೂಲಿನ ದ್ವಂದ್ವಯುದ್ಧಕ್ಕೂ ನಿಂತನು. ಅದು ಆತನ ಹಿರಿಮೆ. ಆದರೆ ಮತದಾನದ ಸುಧಾರಣೆಯ ಪ್ರಶ್ನೆ ಬಂದಿತು. ಮ್ಯಾಂಚೆಸ್ಟರಿನಂಥ ದೊಡ್ಡ ನಗರಕ್ಕೆ ಒಬ್ಬ ಪ್ರತಿನಿಧಿಯೂ ಇಲ್ಲ, ಜನವೇ ಇಲ್ಲದ ಓಲ್ಡ್ ಸೇರಮ್ಮಿಗೆ ಇಬ್ಬರು! 1830ರ ನವಂಬರದಲ್ಲಿ ಆತನು ಇರುವ ಪದ್ಧತಿಯೇ ಸರಿ, ಬದಲಾವಣೆ ಬೇಡವೆಂದು ಸಾರಿದನು. ಎರಡು ವಾರಗಳಲ್ಲಿ ಸರಕಾರ ಬಿದ್ದಿತು. 1831ರಲ್ಲಿ ಲಂಡನ್ನಿನ ಜನ ಆತನ ಮನೆಯ ಕಿಟಕಿಗಳಿಗೆ ಕಲ್ಲು ಹೊಡೆದರು, ಆತನು ಕಬ್ಬಿಣದ ಬಾಗಿಲು ಹಾಕಿಸಿದನು. 1832ರಲ್ಲಿ ಕಾಯಿದೆ ಆಗಿಯೇ ಆಯಿತು.

ಎತ್ತು ಹೊಡೆಯುವವನ ಹೊಟ್ಟೆ ತುಂಬದಿದ್ದರೆ ದಂಡು ನಡೆಯದೆಂದು ಬಲ್ಲವನಿಗೆ, ಅದೇ ಜನರನ್ನು ರಾಜ್ಯದ ವಿಷಯದಲ್ಲಿಯೂ ಕೇಳಬೇಕೆಂದು ಏಕೆ ತೋರಲಿಲ್ಲ? ನನಗೆ ಹದಿನೆಂಟು ತುಂಬಿದ ಮೇಲೆ ಟಿಕೋಟಾದ ಮತಗಟ್ಟೆಯಲ್ಲಿ ನಾನೂ, ಹೆಬ್ಬೆಟ್ಟು ಒತ್ತುವ ನಮ್ಮವ್ವನೂ ಒಂದೇ ಪಾಳಿಯಲ್ಲಿ ನಿಂತೆವು. ಹೊಲ ಎಷ್ಟು, ಮನೆಯ ಬೆಲೆ ಎಷ್ಟು ಎಂದು ನಮ್ಮನ್ನು ಯಾರೂ ಕೇಳಲಿಲ್ಲ. ಡ್ಯೂಕನು ಇದನ್ನು ಕಂಡಿದ್ದರೆ ರಾಜ್ಯ ಮುಳುಗಿತೆಂದೇ ತಿಳಿಯುತ್ತಿದ್ದನೋ ಏನೋ.

1846ರಲ್ಲಿ ಧಾನ್ಯದ ಆಮದಿನ ಮೇಲಿದ್ದ ತೆರಿಗೆಯ ಕಾಯಿದೆಗಳನ್ನು ತೆಗೆದುಹಾಕಲು, ತನಗೆ ಮನಸ್ಸಿಲ್ಲದಿದ್ದರೂ, ಪ್ರಭುಗಳ ಸಭೆಯನ್ನು ಒಪ್ಪಿಸಿದನು. 1852ರ ಸಪ್ಟಂಬರ 14ರಂದು ವಾಲ್ಮರ್ ಕೋಟೆಯಲ್ಲಿ ತೀರಿಹೋದನು. ನವಂಬರ 18ರಂದು ಲಂಡನ್ನಿನಲ್ಲಿ ಶವಯಾತ್ರೆ. ಲಕ್ಷಾಂತರ ಜನ ನೆರೆದಿದ್ದರು. ವಾಟರ್‌ಲೂದಲ್ಲಿ ಹಿಡಿದ ತೋಪುಗಳ ಕಂಚನ್ನು ಕರಗಿಸಿ ದೊಡ್ಡದೊಂದು ರಥ ಮಾಡಿಸಿ, ಹನ್ನೆರಡು ಕುದುರೆಗಳನ್ನು ಹೂಡಿದ್ದರು. ನಡುದಾರಿಯಲ್ಲಿ ಗಾಲಿಗಳು ನೆಲದಲ್ಲಿ ಹೂತು ರಥ ನಿಂತುಬಿಟ್ಟಿತು, ಪೋಲೀಸರು ಕೈಹಾಕಿ ಎಳೆಯಬೇಕಾಯಿತು. ಈ ಮಾತನ್ನೂ ಅಜ್ಜನಿಗೆ ಹೇಳಿದೆನು. ಅಷ್ಟು ಭಾರ ಹೇರುವ ಮೊದಲು ನೆಲ ನೋಡಬೇಕಾಗಿತ್ತು, ಸತ್ತಾತ ಇದ್ದಿದ್ದರೆ ನೋಡುತ್ತಿದ್ದ ಎಂಬುದು ಅಜ್ಜನ ಅಭಿಪ್ರಾಯ.